ಪ್ಲಮ್ ಟೊಮೆಟೊ ಕಾಯಿಯ ತುದಿ ಕಪ್ಪಾಗುವುದೇಕೆ? ನೀರು, ಕುಂಡ, ಕವಲು, ಬೀಜ

ಪ್ರಶ್ನೆ: ಮನೆ ಹಿಂದಿನ ಮಡಿಯಲ್ಲಿ ನಾಲ್ಕು ರೋಮಾ, ಕುಂಡಗಳಲ್ಲಿ ಮೂರು ಸ್ಯಾನ್ ಮಾರ್ಜಾನೊ ಟೊಮೆಟೊ ಗಿಡ ಹಾಕಿದ್ದೇನೆ. ಎರಡೂ ಉದ್ದನೆ ಕಾಯಿಯ ಪ್ಲಮ್ ಜಾತಿ. ಗಿಡಗಳು ಸೊಂಪಾಗಿವೆ, ಹೂವೂ ಚೆನ್ನಾಗಿ ಬಂದಿದೆ. ಆದರೆ ಮೊದಲ ಗೊಂಚಲಿನ ಕಾಯಿಗಳು ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ಕೆಳತುದಿ ಕಪ್ಪಗಾಗಿ ಹಾಳಾದವು. ಕುಂಡದ ಗಿಡಗಳಲ್ಲಿ ಹೆಚ್ಚು, ಮಡಿಯಲ್ಲಿ ಕಡಿಮೆ. ಪಕ್ಕದ ಕುಂಡದಲ್ಲೇ ಇರುವ ಚೆರ್ರಿ ಟೊಮೆಟೊಗೆ ಏನೂ ಆಗಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಹಾಕಿದೆ, ಎಪ್ಸಮ್ ಉಪ್ಪು ಹಾಕಿದೆ, ನಿಂತಿಲ್ಲ. ಕವಲು ಚಿವುಟಬೇಕೇ ಬೇಡವೇ ಎಂಬ ಗೊಂದಲವೂ ಇದೆ. ಮುಂದಿನ ಬೆಳೆಗೆ ಬೀಜದಿಂದಲೇ ಶುರುಮಾಡುವ ಆಸೆ. ಹಣ್ಣು ಬೇಕಿರುವುದು ಸಾಸ್ ಮಾಡಿಡಲು.

ಉತ್ತರ: ನಿಮ್ಮ ಗಿಡಗಳಿಗೆ ರೋಗ ಬಂದಿಲ್ಲ, ಮೊದಲು ಆ ಚಿಂತೆ ಬಿಡಿ. ತೊಟ್ಟಿನ ಎದುರು ತುದಿಯಲ್ಲಿ, ಹೂವು ಉದುರಿದ ಜಾಗದಲ್ಲೇ ಶುರುವಾಗುವ ಈ ಕಲೆಗೆ ತುದಿ ಕೊಳೆ ಎನ್ನುತ್ತಾರೆ. ಇದಕ್ಕೆ ಶಿಲೀಂಧ್ರವೂ ಕಾರಣವಲ್ಲ, ಹುಳುವೂ ಅಲ್ಲ. ಒಂದು ಕಾಯಿಯಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಯಾವ ಶಿಲೀಂಧ್ರನಾಶಕ ಸಿಂಪಡಿಸಿದರೂ ಉಪಯೋಗವಿಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪಿಲ್ಲ ಅಷ್ಟೇ. ಹಾಗೆಂದು ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದೆ ಎಂದು ತಿಳಿಯಬೇಡಿ. ಹೆಚ್ಚಿನ ಮನೆತೋಟಗಳಲ್ಲಿ ಮಣ್ಣಿನಲ್ಲಿ ಅದು ಬೇಕಾದಷ್ಟಿರುತ್ತದೆ, ತುದಿಯವರೆಗೆ ಹೋಗುವ ದಾರಿಯಲ್ಲಿ ತಡೆಯಾಗಿರುತ್ತದೆ. ಆ ತಡೆ ಬಹುಮಟ್ಟಿಗೆ ನೀವು ನೀರು ಹಾಕುವ ರೀತಿಯಲ್ಲಿದೆ.

ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಸಾಗುತ್ತದೆ. ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗುವಾಗ ಮೇಲಕ್ಕೆ ಒಂದು ಸೆಳೆತ ಉಂಟಾಗುತ್ತದಲ್ಲ, ಆ ಸೆಳೆತದಲ್ಲೇ ಕ್ಯಾಲ್ಸಿಯಂ ಏರುತ್ತದೆ. ಎಲೆ ಬಹಳ ನೀರು ಬಿಡುತ್ತದೆ. ಕಾಯಿಯ ಸಿಪ್ಪೆ ಮೇಣದಂತಿರುವುದರಿಂದ ಅದು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಹೀಗಾಗಿ ಬಂದ ಕ್ಯಾಲ್ಸಿಯಂನ ಸಿಂಹಪಾಲು ಎಲೆಗೆ ಹೋಗುತ್ತದೆ, ಕಾಯಿಗೆ ಉಳಿದದ್ದು. ಒಮ್ಮೆ ಎಲೆಯಲ್ಲಿ ಸೇರಿದ ಕ್ಯಾಲ್ಸಿಯಂ ಮತ್ತೆ ಅಲ್ಲಿಂದ ಕದಲುವುದಿಲ್ಲ. ಸಾರಜನಕ, ಪೊಟ್ಯಾಷ್‌ಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಕಾಯಿಗೆ ಸಾಗಿಸಬಲ್ಲದು, ಕ್ಯಾಲ್ಸಿಯಂಗೆ ಆ ಸೌಲಭ್ಯವಿಲ್ಲ. ಮಣ್ಣು ಒಂದು ದಿನ ಒಣಗಿ ನೀರಿನ ಹರಿವು ಕುಗ್ಗಿದರೆ ಮೊದಲು ಕೊರತೆ ಬೀಳುವುದು ದಾರಿಯ ಕಟ್ಟಕಡೆಯಲ್ಲಿರುವ ಕಾಯಿತುದಿಗೆ. ಜೀವಕೋಶದ ಗೋಡೆ, ಪೊರೆ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಅದಿಲ್ಲದಾಗ ಕೋಶಗಳು ಒಡೆದು ಸೋರುತ್ತವೆ.

ಪ್ಲಮ್ ಜಾತಿಗೇ ಏಕೆ ಎಂದರೆ ಅದರ ಆಕಾರ ನೋಡಿ. ತೊಟ್ಟಿನಿಂದ ತುದಿಗೆ ದೂರ ಹೆಚ್ಚು, ಕಾಯಿ ವೇಗವಾಗಿ ಉದ್ದಕ್ಕೆ ಬೆಳೆಯುತ್ತದೆ, ತುದಿಗೆ ಹೋಗುವ ನಾಳಗಳು ವಿರಳ. ಚೆರ್ರಿ ಟೊಮೆಟೊದಲ್ಲಿ ಈ ಮೂರೂ ತೊಂದರೆಗಳಿಲ್ಲ. ಅದೇ ಮಣ್ಣು, ಅದೇ ನೀರು ಕೊಟ್ಟರೂ ಅದು ಪಾರಾಗಲು ಇದೇ ಕಾರಣ. ಪ್ಲಮ್‌ಗಳ ಪೈಕಿ ಸ್ಯಾನ್ ಮಾರ್ಜಾನೊ ಇನ್ನೂ ಉದ್ದ, ತುದಿ ಚೂಪು, ಆದ್ದರಿಂದ ರೋಮಾಗಿಂತ ಅದಕ್ಕೆ ಕಾಟ ಜಾಸ್ತಿ. ನೀವು ಅದನ್ನೇ ಕುಂಡಕ್ಕೆ ಹಾಕಿದ್ದೀರಿ. ಹೆಚ್ಚು ಸೂಕ್ಷ್ಮವಾದ ತಳಿ ಬೇಗ ಒಣಗುವ ಜಾಗಕ್ಕೆ ಹೋಯಿತು.

ಒಂದು ಕಾಯಿ ಕಿತ್ತು ಗಮನಿಸಿ. ಮೊದಲು ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಜಾಗ ನೀರಲ್ಲಿ ನೆನೆದಂತೆ ಕಾಣುತ್ತದೆ, ಹಸಿರು ಸ್ವಲ್ಪ ಗಾಢ. ಎರಡು ಮೂರು ದಿನದಲ್ಲಿ ಅದು ಕಂದಾಗಿ ಒಳಕ್ಕೆ ತಗ್ಗುತ್ತದೆ, ಚರ್ಮದ ಹಾಗೆ ಒಣಗಿ ಚಪ್ಪಟೆಯಾಗುತ್ತದೆ. ಬೆರಳಿಂದ ಒತ್ತಿದರೆ ಮೆತ್ತಗಿರದೆ ಗಡುಸಾಗೇ ಇರುತ್ತದೆ. ಆಮೇಲೆ ಬರುವ ಕಪ್ಪು ಬೂಷ್ಟು ಸತ್ತ ಭಾಗದ ಮೇಲೆ ಕೂತ ಶಿಲೀಂಧ್ರ, ಮೂಲ ಕಾರಣ ಅದಲ್ಲ. ಇನ್ನು ಹೊರಗೆ ಚೆನ್ನಾಗಿ ಕಾಣುವ ಕಾಯಿಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಪ್ಲಮ್ ಜಾತಿಯಲ್ಲಿ ಒಮ್ಮೊಮ್ಮೆ ಸಿಪ್ಪೆ ಸರಿಯಿದ್ದು ತುದಿಯ ಒಳಭಾಗ, ಕೆಳಗಿನ ಬೀಜಗಳ ಸುತ್ತ ಮಾತ್ರ ಕಪ್ಪಾಗಿರುತ್ತದೆ. ಅದೂ ಇದೇ ತೊಂದರೆ. ಅಂಥ ಕಾಯಿಗಳು ಉಳಿದವಕ್ಕಿಂತ ಬೇಗ ಕೆಂಪಾಗುತ್ತವೆ. ಸಮಯಕ್ಕೆ ಮೊದಲೇ ಹಣ್ಣಾದ ಒಂಟಿ ಕಾಯಿ ಕಂಡರೆ ಹಿಗ್ಗುವ ಮೊದಲು ಕೊಯ್ದು ನೋಡುವುದು ಒಳ್ಳೆಯದು.

ಈ ಹಾನಿ ಆಗುವುದು ಹೂವು ಕಟ್ಟಿದ ಮೊದಲ ಎರಡು ಮೂರು ವಾರಗಳಲ್ಲಿ, ಕಾಯಿ ಭರದಿಂದ ಹಿಗ್ಗುವಾಗ. ಕಣ್ಣಿಗೆ ಬೀಳುವುದು ತಡವಾಗಿ. ಹಾಗಾಗಿ ಈಗ ಕಲೆ ಬಿದ್ದ ಕಾಯಿಯನ್ನು ಏನು ಮಾಡಿದರೂ ಉಳಿಸಲಾಗದು. ಅವನ್ನೆಲ್ಲ ಇವತ್ತೇ ಕಿತ್ತುಹಾಕಿ, ಗಿಡದ ಶಕ್ತಿ ಮುಂದಿನ ಗೊಂಚಲಿಗೆ ಹೋಗಲಿ. ನೀರು ಸರಿಮಾಡಿದ ಫಲ ಕಾಣಲು ಎರಡು ಮೂರು ವಾರ ಬೇಕು. ಇಲ್ಲೊಂದು ಮೋಸವಿದೆ. ಮೊದಲ ಗೊಂಚಲಿನ ಹೊತ್ತಿಗೆ ಬೇರು ಚಿಕ್ಕದು, ಎಲೆ ಬೆಳೆಯುವ ರಭಸ ಜಾಸ್ತಿ, ಆದ್ದರಿಂದ ಅಲ್ಲಿ ಹಾನಿ ಹೆಚ್ಚು. ಬೇರು ಆಳಕ್ಕಿಳಿದಂತೆ ಎಷ್ಟೋ ಗಿಡಗಳು ತಾವಾಗಿಯೇ ಸರಿಹೋಗುತ್ತವೆ. ಆ ಹೊತ್ತಿನಲ್ಲಿ ಯಾರು ಏನು ಹಾಕಿದ್ದರೂ ಅದೇ ಮದ್ದು ಎಂದು ಹೆಸರಾಗಿಬಿಡುತ್ತದೆ. ಮೊಟ್ಟೆ ಸಿಪ್ಪೆಯ ಖ್ಯಾತಿಯ ಗುಟ್ಟು ಬಹುಶಃ ಇಷ್ಟೇ.

ಸಿಪ್ಪೆಯಿಂದ ಕೆಡುಕೇನಿಲ್ಲ, ಆದರೆ ಅದು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು, ಒರಟಾಗಿ ಪುಡಿಮಾಡಿದ್ದರೆ ವರ್ಷಗಳೇ ಹಿಡಿಯುತ್ತವೆ. ಎಪ್ಸಮ್ ಉಪ್ಪು ಮಾತ್ರ ನಿಲ್ಲಿಸಿ. ಅದು ಮೆಗ್ನೀಸಿಯಂ ಸಲ್ಫೇಟ್. ಬೇರು ಹೀರುವಾಗ ಮೆಗ್ನೀಸಿಯಂ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಇಳಿಯುತ್ತದೆ, ಅಂದರೆ ನೀವು ಹಾಕಿದ್ದು ತೊಂದರೆಯನ್ನು ಹೆಚ್ಚಿಸುವ ವಸ್ತು. ಹಳೆ ಎಲೆಗಳಲ್ಲಿ ನರ ಹಸಿರಾಗೇ ಇದ್ದು ನಡುವೆ ಹಳದಿಯಾದರೆ ಮಾತ್ರ ಅದಕ್ಕೆ ಕೆಲಸ. ಎಲೆಗೆ ಸಿಂಪಡಿಸುವ ಕ್ಯಾಲ್ಸಿಯಂ ದ್ರಾವಣಗಳೂ ಅಷ್ಟಕ್ಕಷ್ಟೆ. ಎಲೆಗೆ ಬಿದ್ದದ್ದು ಎಲೆಯಲ್ಲೇ ಉಳಿಯುತ್ತದೆ ಎಂದು ಮೇಲೆ ಹೇಳಿದೆನಲ್ಲ.

ಗೊಬ್ಬರವನ್ನೂ ಒಮ್ಮೆ ಪರಿಶೀಲಿಸಿ. “ಗಿಡ ಸೊಂಪಾಗಿದೆ” ಎಂದಿದ್ದೀರಿ, ನನಗೆ ಅಲ್ಲೇ ಅನುಮಾನ. ಯೂರಿಯಾ, ಅಮೋನಿಯಂ ಸಲ್ಫೇಟ್, ಸರಿಯಾಗಿ ಕಳಿಯದ ಕೋಳಿ ಗೊಬ್ಬರ ಇವೆಲ್ಲ ಅಮೋನಿಯಂ ರೂಪದ ಸಾರಜನಕ ಕೊಡುತ್ತವೆ. ಅದು ಎರಡು ಕಡೆಯಿಂದ ಹೊಡೆತ: ಕ್ಯಾಲ್ಸಿಯಂ ಹೀರುವುದನ್ನು ತಡೆಯುತ್ತದೆ, ಎಲೆಯನ್ನು ಬೆಳೆಸಿ ಇದ್ದದ್ದನ್ನೂ ಆ ಕಡೆ ಎಳೆಯುತ್ತದೆ. ಗಾಢ ಹಸಿರು, ದಪ್ಪ ಕಾಂಡ, ಒಳಕ್ಕೆ ಸುರುಳಿಯಾದ ಮೇಲಿನ ಎಲೆಗಳು ಇದ್ದರೆ ಮುಂದಿನ ಮೂರು ವಾರ ಸಾರಜನಕದ ಗೊಬ್ಬರ ಪೂರ್ತಿ ನಿಲ್ಲಿಸಿ.

ಈಗ ನೀರಿನ ವಿಷಯ. ಮಡಿಯಲ್ಲಿರುವ ಗಿಡಗಳಿಗೆ ಹಿತವಾದ ಹವೆಯಲ್ಲಿ ವಾರಕ್ಕೆ ಚದರ ಮೀಟರಿಗೆ 25ರಿಂದ 40 ಲೀಟರ್ ಬೇಕು. ಬಿಸಿಲು, ಗಾಳಿ ಜೋರಾಗಿದ್ದರೆ ಇನ್ನೂ ಹೆಚ್ಚು. ಇದನ್ನು ದಿನಾ ಚಿಮುಕಿಸದೆ ಎರಡು ಅಥವಾ ಮೂರು ಸಲವಾಗಿ ಆಳಕ್ಕೆ ಇಳಿಯುವಂತೆ ಕೊಡಿ. ಪ್ರತಿದಿನ ಮೇಲ್ಮಣ್ಣು ತೋಯಿಸುವಷ್ಟೇ ಹಾಕಿದರೆ ಬೇರು ಮೇಲೆಯೇ ಹರಡಿಕೊಂಡು ಒಂದು ಬಿಸಿಲಿಗೆ ಬಾಡುತ್ತದೆ. ನೀರು ಹಾಕಿ ಅರ್ಧ ದಿನ ಬಿಟ್ಟು ಕೈಸಲಿಕೆಯಿಂದ ಅಗೆದು ನೋಡಿದರೆ 20–25 ಸೆಂ.ಮೀ. ಆಳದವರೆಗೆ ತೇವ ಇರಬೇಕು. ಮತ್ತೆ ಯಾವಾಗ ಹಾಕಬೇಕು ಎಂಬುದಕ್ಕೆ ಬೆರಳಿಗಿಂತ ಒಳ್ಳೆಯ ಸಾಧನವಿಲ್ಲ: ಬುಡದಿಂದ ಒಂದು ಗೇಣು ದೂರದಲ್ಲಿ ಐದು ಸೆಂಟಿಮೀಟರ್ ಚುಚ್ಚಿ, ಅಲ್ಲಿ ಒಣಗಿದ್ದರೆ ಹಾಕಿ, ತಂಪಾಗಿದ್ದರೆ ಬೇಡ. ಸದಾ ಕೆಸರಾಗಿದ್ದರೂ ಇದೇ ತುದಿ ಕೊಳೆ ಬರುತ್ತದೆ, ಏಕೆಂದರೆ ಗಾಳಿಯಿಲ್ಲದ ಬೇರು ಕೆಲಸ ಮಾಡುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬಿದ್ದದ್ದನ್ನು ನೋಡಿ ಬಿಂದಿಗೆ ಎತ್ತಬೇಡಿ. ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಗ್ಗೆಯೂ ಜೋತಿದ್ದರೆ ಅದು ನಿಜವಾದ ಬಾಯಾರಿಕೆ.

ಮಣ್ಣು ಬೆಚ್ಚಗಾದ ಮೇಲೆ ಬುಡದ ಸುತ್ತ 5–8 ಸೆಂ.ಮೀ. ದಪ್ಪ ಒಣಹುಲ್ಲು ಅಥವಾ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ತುದಿ ಕೊಳೆಗೆ ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. ಹೊದಿಕೆ ಹಾಕಿದ ಮೇಲೆ ಗಿಡದ ಬುಡ ಕೆದಕಬೇಡಿ. ಕಳೆ ತೆಗೆಯುವ ನೆಪದಲ್ಲಿ ಕುಂಟೆಯಾಡಿಸಿ ಮೇಲಿನ ಬೇರು ಕತ್ತರಿಸಿದರೂ ಮುಂದಿನ ವಾರ ಕಾಯಿತುದಿ ಕಪ್ಪಾಗುತ್ತದೆ.

ಕುಂಡದ ಕತೆ ಬೇರೆ. ನಿಮ್ಮ ಕುಂಡದ ಅಳತೆ ಬರೆದಿಲ್ಲ, ಆದರೆ ರೋಮಾದಂಥ ಗಿಡ್ಡ ತಳಿಗೆ ಕನಿಷ್ಠ 20 ಲೀಟರ್, ಸ್ಯಾನ್ ಮಾರ್ಜಾನೊಗೆ 40 ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು. ಹತ್ತು ಲೀಟರಿನ ಬಕೆಟ್ಟಿನಲ್ಲಿ ಆಳೆತ್ತರದ ಗಿಡ ಬೆಳೆಸಿದರೆ ಬಿಸಿಲ ದಿನ ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಖಾಲಿ. ಆ ಸ್ಥಿತಿಯಲ್ಲಿ ಯಾವ ಗೊಬ್ಬರವೂ ನಿಮ್ಮನ್ನು ಕಾಪಾಡದು. ಕಾಯಿ ತುಂಬಿದ ಗಿಡ ದಿನಕ್ಕೆ 2–4 ಲೀಟರ್ ಕುಡಿಯುತ್ತದೆ. ಬಿರುಬಿಸಿಲಿದ್ದರೆ ಬೆಳಗ್ಗೆ ಮತ್ತು ಇಳಿಹೊತ್ತು ಎರಡು ಸಲ ಕೊಡಿ, ತಳದ ತೂತಿನಿಂದ ಸ್ವಲ್ಪ ಹರಿಯುವವರೆಗೆ. ಕುಂಡವನ್ನು ಒಂದು ಬದಿಯಲ್ಲಿ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ಭಾರದಿಂದಲೇ ತೇವ ಗೊತ್ತಾಗುತ್ತದೆ. ಒಮ್ಮೆ ಪೂರ್ತಿ ಒಣಗಿದ ಮಿಶ್ರಣ ನೀರನ್ನು ಹೀರುವುದೇ ಇಲ್ಲ. ಹಾಕಿದ ನೀರು ಕುಂಡದ ಅಂಚಿನಿಂದ ಸರ್ರನೆ ಇಳಿದು ಹೊರಬರುತ್ತದೆ, ನೀವು ತೋಯಿತು ಅಂದುಕೊಳ್ಳುತ್ತೀರಿ, ನಡುವಿನ ಬೇರಿನ ಉಂಡೆ ಒಣಗೇ ಇರುತ್ತದೆ. ಹಾಗಾದಾಗ ಕುಂಡವನ್ನು ಅಗಲವಾದ ತಟ್ಟೆ ನೀರಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿನಿಂದ ಹೀರಲು ಬಿಡಿ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾಯುತ್ತದೆ. ಅದಕ್ಕೆ ಗೋಣಿಚೀಲ ಸುತ್ತಿ, ಇಲ್ಲವೇ ಮುಂದೆ ಬೇರೊಂದು ಗಿಡ ಇಟ್ಟು ನೆರಳು ಮಾಡಿ.

ಮಿಶ್ರಣದಲ್ಲಿ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಕ್ಯಾಲ್ಸಿಯಂ ನಿಜಕ್ಕೂ ಕಡಿಮೆಯಿರುವ ಸಾಧ್ಯತೆ ಇದೆ. ತೊಳೆದು ಹದಮಾಡದ ಕೋಕೋಪೀಟ್ ಪೊಟ್ಯಾಷಿಯಂ, ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಕುಂಡಕ್ಕೆ ಲೀಟರ್ ನೀರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ವಾರಕ್ಕೊಮ್ಮೆ ಬೇರಿಗೆ ಕೊಡಿ. ಇದರಲ್ಲಿರುವ ಸಾರಜನಕ ಬಹುಪಾಲು ನೈಟ್ರೇಟ್ ರೂಪದ್ದು, ಅಮೋನಿಯಂನಂತೆ ಅಡ್ಡಿ ಮಾಡುವುದಿಲ್ಲ. ಆದರೂ ಅದು ಸಾರಜನಕವೇ, ಬೇರೆ ಸಾರಜನಕದ ಗೊಬ್ಬರವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ. ಸೂಪರ್ ಫಾಸ್ಫೇಟಿನಂಥ ರಂಜಕ, ಸಲ್ಫೇಟ್ ಗೊಬ್ಬರಗಳ ಗಟ್ಟಿ ದ್ರಾವಣದೊಂದಿಗೆ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಡಿ, ಮಡ್ಡಿಗಟ್ಟಿ ತಳ ಸೇರುತ್ತದೆ. ಮಡಿಗೆ ಕ್ಯಾಲ್ಸಿಯಂ ಬೇಕೋ ಬೇಡವೋ ಮಣ್ಣು ಪರೀಕ್ಷೆಯೇ ಹೇಳಬೇಕು. ರಸಸಾರ, ಅಂದರೆ ಹುಳಿ–ಕ್ಷಾರದ ಅಳತೆ (pH), 6.2ರಿಂದ 6.8 ಇದ್ದರೆ ಚೆನ್ನ. 6ಕ್ಕಿಂತ ಕಡಿಮೆ ಬಂದರೆ ನಾಟಿಗೆ ಎರಡು ಮೂರು ತಿಂಗಳು ಮೊದಲೇ ಕೃಷಿ ಸುಣ್ಣ. ರಸಸಾರ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಕಡಿಮೆ ಎಂದಾದರೆ ಚದರ ಮೀಟರಿಗೆ 50–100 ಗ್ರಾಂ ಜಿಪ್ಸಮ್. ಪರೀಕ್ಷೆಯಿಲ್ಲದೆ ಸುಣ್ಣ ಸುರಿದರೆ ಕಬ್ಬಿಣ, ಸತು ಸಿಗದೆ ಚಿಗುರು ಹಳದಿಯಾಗುತ್ತದೆ.

ಕವಲು ಚಿವುಟುವ ಪ್ರಶ್ನೆಗೆ ನಿಮ್ಮ ಎರಡು ತಳಿಗಳಿಗೆ ಎರಡು ಉತ್ತರ. ಗೊಂದಲ ಹುಟ್ಟುವುದೇ ಇಲ್ಲಿಂದ. ರೋಮಾ ಗಿಡ್ಡ ಜಾತಿ, ಮೀಟರು ಒಂದೂಕಾಲು ಮೀಟರು ಬೆಳೆದು ಪ್ರತಿ ಕವಲಿನ ತುದಿಯಲ್ಲಿ ಹೂಗೊಂಚಲು ಬಿಟ್ಟು ನಿಂತುಬಿಡುತ್ತದೆ. ಅದರ ಕವಲೇ ಅದರ ಫಸಲು. ಚಿವುಟಿದಷ್ಟೂ ಕಾಯಿ ಕಡಿಮೆ. ಮೊದಲ ಹೂಗೊಂಚಲಿಗಿಂತ ಕೆಳಗಿನ ಕಂಕುಳ ಚಿಗುರುಗಳನ್ನು (ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹುಟ್ಟುವವು) ಮಾತ್ರ ತೆಗೆದು ಉಳಿದದ್ದನ್ನು ಮುಟ್ಟಬೇಡಿ. ಸ್ಯಾನ್ ಮಾರ್ಜಾನೊ ಹಬ್ಬು ಜಾತಿ, ಆಸರೆ ಇದ್ದಷ್ಟೂ ಏರುತ್ತದೆ, ಎರಡು ಮೀಟರ್ ಸಲೀಸು. ಅದನ್ನು ಒಂದು ಅಥವಾ ಎರಡು ಕಾಂಡಕ್ಕೆ ಮಿತಗೊಳಿಸಬೇಕು. ಎರಡು ಕಾಂಡ ಬೇಕೆಂದರೆ ಮೊದಲ ಹೂಗೊಂಚಲಿನ ಕೆಳಗೇ ಇರುವ ಚಿಗುರನ್ನು ಉಳಿಸಿ, ಅದೇ ಎಲ್ಲಕ್ಕಿಂತ ಬಲವಾದದ್ದು. ಉಳಿದವು 5 ಸೆಂ.ಮೀ. ಇರುವಾಗಲೇ ಬೆಳಗಿನ ಹೊತ್ತು ಬೆರಳಲ್ಲಿ ಪಕ್ಕಕ್ಕೆ ಬಾಗಿಸಿ ಮುರಿಯಿರಿ, ಗಾಯ ಸಂಜೆಯೊಳಗೆ ಒಣಗುತ್ತದೆ. ಹೆಬ್ಬೆರಳು ದಪ್ಪ ಆಗುವವರೆಗೆ ಬಿಟ್ಟು ಒಂದೇ ದಿನ ಹತ್ತು ಕವಲು ಕತ್ತರಿಸಿದರೆ ಗಿಡಕ್ಕೆ ಆಘಾತ, ಬಿಸಿಲಿಗೆ ತೆರೆದುಕೊಂಡ ಕಾಯಿಯ ಮೈಮೇಲೆ ಬಿಳಿಚಿದ ಕಾಗದದಂಥ ಕಲೆ. ಅದನ್ನು ತುದಿ ಕೊಳೆ ಎಂದು ತಪ್ಪು ತಿಳಿಯಬೇಡಿ. ಬಿಸಿಲ ಕಲೆ ಸೂರ್ಯನ ಕಡೆಗಿರುವ ಹೆಗಲು ಅಥವಾ ಮಗ್ಗುಲಿನಲ್ಲಿ ಬರುತ್ತದೆ. ತಳಿ ಯಾವುದೆಂದು ಮರೆತಿದ್ದರೆ ಗೊಂಚಲಿನಿಂದ ಗೊಂಚಲಿಗೆ ನಡುವಿನ ಎಲೆ ಎಣಿಸಿ: ಮೂರರಂತೆ ಬರುತ್ತಿದ್ದರೆ ಹಬ್ಬು ಜಾತಿ, ಒಂದೆರಡಕ್ಕೇ ಮುಂದಿನ ಗೊಂಚಲು ಬಂದರೆ ಗಿಡ್ಡ.

ಸಾಸ್ ಮಾಡಿಡಲು ಎಂದಿರುವುದರಿಂದ ನನ್ನ ಒಲವು ರೋಮಾ ಕಡೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ಶಿಲೀಂಧ್ರದಿಂದ ಬರುವ ಸೊರಗು ರೋಗ ತಡೆಯುವ ಗುಣ ನೋಡಿ ಹೊರತಂದ ತಳಿ ಇದು. ಕಾಯಿಗಳು ಮೂರು ನಾಲ್ಕು ವಾರದೊಳಗೆ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ, ಒಂದು ದೊಡ್ಡ ಪಾತ್ರೆ ತುಂಬುವಷ್ಟು ಒಮ್ಮೆಗೇ ಸಿಗುತ್ತದೆ. ನಾಟಿ ಮಾಡಿದ 75–80 ದಿನಕ್ಕೆ ಶುರು. ಇಟಲಿಯ ವೆಸೂವಿಯಸ್ ಬೆಟ್ಟದ ತಪ್ಪಲಿನ ಸ್ಯಾನ್ ಮಾರ್ಜಾನೊಗೆ ರುಚಿಯಲ್ಲಿ ಮೇಲುಗೈ, ತಿರುಳು ದಟ್ಟ, ಬೀಜ ಕಡಿಮೆ. ಆದರೆ ತಡ, ರೋಗಕ್ಕೆ ಮೆತ್ತಗೆ, ಫಸಲು ಬಿಡಿಬಿಡಿಯಾಗಿ ತಿಂಗಳುಗಟ್ಟಲೆ ಬರುತ್ತದೆ. ಮುಂದಿನ ಸಲ ಎರಡನ್ನೂ ಅದಲುಬದಲು ಮಾಡಿ: ಸ್ಯಾನ್ ಮಾರ್ಜಾನೊ ಮಡಿಗೆ, ರೋಮಾ ಕುಂಡಕ್ಕೆ.

ಬೀಜದಿಂದ ಶುರುಮಾಡುವುದು ಕಷ್ಟವೇನಲ್ಲ. ಅರ್ಧ ಸೆಂ.ಮೀ. ಆಳಕ್ಕೆ ಹಾಕಿ, ತೇವ ಆರದಂತೆ ಮುಚ್ಚಿ 25–28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಟ್ಟರೆ ಐದಾರು ದಿನಕ್ಕೆ ಮೊಳಕೆ, ತಣ್ಣಗಿದ್ದರೆ ಹತ್ತಕ್ಕೂ ಹೆಚ್ಚು ದಿನ. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದು ಪೂರ್ತಿ ಬೆಳಕಿಗಿಡಬೇಕು. ಎರಡು ದಿನ ತಡವಾದರೂ ಸಸಿ ಉದ್ದಕ್ಕೆ ಎಳೆದು ಬಾಗುತ್ತದೆ. ಬುಡ ದಾರದಂತೆ ಸಣ್ಣಗಾಗಿ ಸಸಿ ಮಲಗಿದರೆ ನೀರು ಜಾಸ್ತಿಯಾಗಿದೆ, ಗಾಳಿ ಆಡುತ್ತಿಲ್ಲ ಎಂದರ್ಥ. ನಾಲ್ಕರಿಂದ ಆರು ನಿಜ ಎಲೆ, ಪೆನ್ಸಿಲ್ ದಪ್ಪ, ಗೇಣುದ್ದ ಆದಾಗ ನಾಟಿಗೆ ಹದ. ಅದಕ್ಕೆ ಮೊದಲು ಒಂದು ವಾರ ದಿನಕ್ಕಿಷ್ಟು ಹೊತ್ತು ಎಂದು ಹೊರಗಿನ ಬಿಸಿಲು ಗಾಳಿಗೆ ಒಡ್ಡಿ ಪಳಗಿಸಿ. ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವ ಕಾಲದಲ್ಲಿ ನಾಟಿ ಬೇಡ. ತಣ್ಣನೆ ಮಣ್ಣಿನಲ್ಲಿ ಬೇರು ಸುಮ್ಮನಿರುತ್ತದೆ, ಮೊದಲ ಗೊಂಚಲಿನ ತುದಿ ಕೊಳೆಗೆ ಅದೂ ಒಂದು ಕಾರಣ.

ಮಡಿಗೆ ಚದರ ಮೀಟರಿಗೆ 4–5 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ನಾಟಿ ಮಾಡುವಾಗ ಕೆಳಗಿನ ಎಲೆಗಳನ್ನು ತೆಗೆದು ಕಾಂಡದ ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣೊಳಗೆ ಹೂಳಿ. ಹೂತ ಕಾಂಡದ ಉದ್ದಕ್ಕೂ ಬೇರು ಒಡೆಯುತ್ತದೆ, ಪ್ಲಮ್‌ಗೆ ಬೇಕಿರುವುದೇ ಅದು. ಕಸಿ ಸಸಿಯಾದರೆ ಮಾತ್ರ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ರೋಮಾಗೆ ಗಿಡದಿಂದ ಗಿಡಕ್ಕೆ 60 ಸೆಂ.ಮೀ., ಒಂದೇ ಕಾಂಡಕ್ಕೆ ಏರಿಸುವ ಸ್ಯಾನ್ ಮಾರ್ಜಾನೊಗೆ 45 ಸಾಕು, ಸಾಲಿನಿಂದ ಸಾಲಿಗೆ ಒಂದು ಮೀಟರ್. ಆಸರೆ ಗೂಟವನ್ನು ನಾಟಿಯ ದಿನವೇ ಹೊಡೆಯಿರಿ, ಆಮೇಲೆ ಹೊಡೆದರೆ ಬೇರಿಗೆ ಏಟು. ರೋಮಾ “ಗಿಡ್ಡ, ಆಸರೆ ಬೇಡ” ಎಂದು ಬಿಟ್ಟರೆ ಕಾಯಿಯ ಭಾರಕ್ಕೆ ಮಲಗಿ ಅರ್ಧ ಫಸಲು ನೆಲದಲ್ಲೇ ಕೊಳೆಯುತ್ತದೆ. ಎರಡು ಗಿಡಕ್ಕೊಂದು ಗೂಟ ನೆಟ್ಟು, ಸಾಲಿನ ಎರಡೂ ಬದಿ 20–25 ಸೆಂ.ಮೀ.ಗೊಂದರಂತೆ ಹುರಿ ಎಳೆದು ಗಿಡವನ್ನು ನಡುವೆ ಹಿಡಿದಿಡುವುದು ಸುಲಭ. ಕಾಯಿ ಗೋಲಿ ಗಾತ್ರಕ್ಕೆ ಬಂದಾಗ ಮೊದಲ ಮೇಲುಗೊಬ್ಬರ, ಅದೂ ಪೊಟ್ಯಾಷ್ ಹೆಚ್ಚಿರುವಂಥದ್ದು. ಪೊಟ್ಯಾಷ್ ಕಡಿಮೆಯಾದರೆ ಹಣ್ಣಿನ ಹೆಗಲು ಹಳದಿಯಾಗೇ ಉಳಿಯುತ್ತದೆ, ಒಳಗೆ ಬಿಳಿ ಗಟ್ಟಿ ನಾರು. ಅತಿಯಾದರೆ ಅದೂ ಕ್ಯಾಲ್ಸಿಯಂಗೆ ಅಡ್ಡ, ಆದ್ದರಿಂದ ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಹೂವು ಬಂದು ಕಾಯಿ ಕಟ್ಟದೆ ಉದುರಿದರೆ ತಾಪಮಾನ ನೋಡಿ. ಹಗಲು 32–35 ಡಿಗ್ರಿ ದಾಟಿದರೆ, ರಾತ್ರಿ 24ಕ್ಕಿಂತ ಇಳಿಯದಿದ್ದರೆ ಅಥವಾ 13ಕ್ಕಿಂತ ಕೆಳಗೆ ಹೋದರೆ ಪರಾಗ ಕೆಲಸ ಮಾಡದು. ಅಂಥ ದಿನಗಳಲ್ಲಿ ಮಧ್ಯಾಹ್ನಕ್ಕೆ 30–40 ಶೇಕಡ ನೆರಳು ಬಲೆ ಸಹಾಯ ಮಾಡುತ್ತದೆ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಅಲುಗಿದರೆ ಸಾಕು. ಗಾಳಿಯಾಡದ ಬಾಲ್ಕನಿಯಲ್ಲಿ ಬೆಳಗ್ಗೆ ಹತ್ತರ ಮೇಲೆ ಗೊಂಚಲಿನ ಹಿಂದೆ ಬೆರಳಿಂದ ಮೆಲ್ಲಗೆ ತಟ್ಟಿ. ಪರಾಗ ಸರಿಯಾಗಿ ಬೀಳದ ಕಾಯಿ ಮೂಲೆ ಮೂಲೆಯಾಗಿ ಬೆಳೆದು ಒಳಗೆ ಪೊಳ್ಳಾಗಿರುತ್ತದೆ.

ನಿಜವಾದ ರೋಗಗಳಲ್ಲಿ ರೋಮಾಗೆ ಹೆಚ್ಚು ಬರುವುದು ಎಲೆ ಅಂಗಮಾರಿ. ಬುಡದ ಎಲೆಗಳಲ್ಲಿ ಒಂದರೊಳಗೊಂದು ಬಳೆ ಇಟ್ಟಂತೆ ಕಂದು ಚುಕ್ಕೆ, ಸುತ್ತ ಹಳದಿ. ನೆಲದಿಂದ ಒಂದಡಿವರೆಗಿನ ಎಲೆ ತೆಗೆದು, ಹೊದಿಕೆ ಹಾಕಿ, ನೀರನ್ನು ಬುಡಕ್ಕೇ ಕೊಟ್ಟರೆ ಅರ್ಧ ಗೆದ್ದಂತೆ. ಹರಡುತ್ತಿದ್ದರೆ ತಾಮ್ರದ ಶಿಲೀಂಧ್ರನಾಶಕವನ್ನು ಹೇಳಿದ ಪ್ರಮಾಣದಲ್ಲಿ ಸಿಂಪಡಿಸಿ, ಅದು ಹೊಸ ಎಲೆ ಕಾಯುತ್ತದೆಯೇ ಹೊರತು ಚುಕ್ಕೆ ಬಿದ್ದದ್ದನ್ನು ವಾಸಿಮಾಡದು. ಹಸಿರಾಗಿದ್ದ ಗಿಡ ದಿಢೀರನೆ ಬಾಡಿದರೆ ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ನೀರಲ್ಲಿ ತೂಗಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಅದಕ್ಕೆ ಔಷಧವಿಲ್ಲ, ಬೇರುಮಣ್ಣು ಸಮೇತ ಕಿತ್ತು ಹೊರಹಾಕಿ, ಮೂರು ವರ್ಷ ಅಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಚಿಗುರು ಮುದುಡಿ ಗಿಡ ಕುಳ್ಳಾದರೆ ಬಿಳಿನೊಣ ತಂದ ವೈರಸ್, ಆ ಗಿಡವನ್ನೂ ಉಳಿಸಿಕೊಳ್ಳಬೇಡಿ. ಬಿಳಿನೊಣ ಕಂಡ ಕೂಡಲೇ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಕಾಯಿಯಲ್ಲಿ ದುಂಡನೆ ತೂತು ಇದ್ದರೆ ಕಾಯಿಕೊರಕ, ಅಂಥ ಕಾಯಿ ಕಿತ್ತು ಹುಳುವನ್ನು ನಾಶಮಾಡಿ.

ಸಾಸಿಗೆ ಹಣ್ಣು ಪೂರ್ತಿ ಕೆಂಪಾಗಬೇಕು. ಪ್ಲಮ್ ಹಣ್ಣು ಮಾಗಿದರೂ ಗಟ್ಟಿಯಾಗೇ ಇರುವುದರಿಂದ ಒತ್ತಿ ನೋಡುವುದಕ್ಕಿಂತ ತೊಟ್ಟಿನ ಸುತ್ತ ಹಸಿರು ಮಾಯವಾಗಿದೆಯೇ ನೋಡಿ. ತಾಪಮಾನ 30 ಡಿಗ್ರಿ ಮೀರಿದಾಗ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ಹುಟ್ಟದೆ ಹಣ್ಣು ಕಿತ್ತಳೆಯಲ್ಲೇ ನಿಲ್ಲುತ್ತದೆ. ಆಗ ತುದಿಯಲ್ಲಿ ನಸುಗೆಂಪು ಮೂಡಿದ ಕೂಡಲೇ ಕಿತ್ತು ಮನೆಯೊಳಗೆ 20–24 ಡಿಗ್ರಿಯಲ್ಲಿ ಹರಡಿಡಿ, ನಾಲ್ಕೈದು ದಿನಕ್ಕೆ ಬಣ್ಣ ತುಂಬುತ್ತದೆ. ಫ್ರಿಜ್ಜಿಗೆ ಇಡಬೇಡಿ, ಪರಿಮಳ ಹೋಗುತ್ತದೆ. ಲೀಟರ್ ದಪ್ಪ ಸಾಸಿಗೆ ಸುಮಾರು 3 ಕೆ.ಜಿ. ಹಣ್ಣು ಎಂದು ಲೆಕ್ಕ ಇಟ್ಟುಕೊಳ್ಳಿ. ಟೊಮೆಟೊದ ರಸಸಾರ ಒಮ್ಮೊಮ್ಮೆ ಸುರಕ್ಷಿತವಾದ 4.6ರ ಗಡಿ ದಾಟುವುದರಿಂದ ಬಾಟಲಿಯಲ್ಲಿ ಕುದಿಸಿ ಮುಚ್ಚಿಡುವ ಸಾಸಿಗೆ ಲೀಟರಿಗೆ ಎರಡು ದೊಡ್ಡ ಚಮಚ ಬಾಟಲಿ ನಿಂಬೆರಸ ಅಥವಾ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ ಸೇರಿಸುವುದು ಕಡ್ಡಾಯ. ತುದಿ ಕೊಳೆತ ಹಣ್ಣಿನ ಕಪ್ಪು ಭಾಗ ಧಾರಾಳವಾಗಿ ಕತ್ತರಿಸಿ ಉಳಿದದ್ದನ್ನು ಅಂದಿನ ಅಡುಗೆಗೆ ಬಳಸಬಹುದು, ಬೂಷ್ಟು ಒಳಗಿಳಿದಿದ್ದರೆ ಬೇಡ, ಬಾಟಲಿಗೆ ತುಂಬುವ ಸಾಸಿಗಂತೂ ಬೇಡವೇ ಬೇಡ.

ರೋಮಾ, ಸ್ಯಾನ್ ಮಾರ್ಜಾನೊ ಎರಡೂ ಸಂಕರ ತಳಿಗಳಲ್ಲ, ಬೀಜ ಹಿಡಿಯಬಹುದು. ಆದರೆ ಸ್ಯಾನ್ ಮಾರ್ಜಾನೊ ಹೆಸರಿನಲ್ಲಿ ಎಫ್1, ಅಂದರೆ ಸಂಕರ ಬೀಜವೂ ಬರುತ್ತದೆ, ಪೊಟ್ಟಣ ನೋಡಿಕೊಳ್ಳಿ, ಅದರ ಬೀಜದಿಂದ ಅದೇ ಗಿಡ ಬರುವುದಿಲ್ಲ. ತುದಿ ಕಪ್ಪಾಗದ, ಎಲೆ ಆರೋಗ್ಯವಾಗಿರುವ ಗಿಡದ ಎರಡು ಮೂರನೆಯ ಗೊಂಚಲಿನಿಂದ ಚೆನ್ನಾಗಿ ಕಳಿತ ಹಣ್ಣು ಆರಿಸಿ. ಬೀಜವನ್ನು ಲೋಳೆ ಸಮೇತ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ, ದಿನಕ್ಕೊಮ್ಮೆ ಕಲಕುತ್ತ ಎರಡು ಮೂರು ದಿನ ಹುಳಿಯಲು ಬಿಡಿ. ಮೇಲೆ ಕೆನೆ ಕಟ್ಟಿ ವಾಸನೆ ಬಂದಾಗ ಲೋಳೆ ಬಿಟ್ಟಿರುತ್ತದೆ. ಇನ್ನೂ ಹೆಚ್ಚು ದಿನ ಬಿಟ್ಟರೆ ಲೋಟದಲ್ಲೇ ಮೊಳಕೆ. ನೀರು ಸುರಿದು ತೇಲುವ ಜೊಳ್ಳು ಚೆಲ್ಲಿ, ತಳದ ಬೀಜವನ್ನು ಜರಡಿಯಲ್ಲಿ ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಒಂದು ವಾರ ಒಣಗಿದ ಮೇಲೆ ತಳಿಯ ಹೆಸರು, ತಿಂಗಳು ಬರೆದು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳಕೆ ಬರುತ್ತದೆ.